ಆವಿಗೆ ತೆರೆಯುವ ದಿನದ ಎಲೆ

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಮುರಗೋಡದ ಕುಂಬಾರಿಕೆ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದೆನೆಂಬುದು ನಿಮಗೆ ಗೊತ್ತು. ಅಲ್ಲಿ ಏನು ಮಾಡುತ್ತಿದ್ದೆ ಎಂದು ನೀವು ಕೇಳಿದಾಗಲೆಲ್ಲ, ಮಣ್ಣು ತುಳಿಯುತ್ತಿದ್ದೆ ಎಂದಷ್ಟೇ ಹೇಳಿದ್ದೇನೆ. ಬಾಯಿಂದ ಹೇಳಲು ನನಗೆ ಬರುವುದಿಲ್ಲ. ಬರೆದರೆ ಬಂದೀತು ಎಂದು ಕುಳಿತಿದ್ದೇನೆ.

ಹಿಂದೆ ಹತ್ತಿ ತುಂಬಿಡುತ್ತಿದ್ದ ಹಳೆಯ ಗೋದಾಮನ್ನು ಬಾಡಿಗೆಗೆ ಹಿಡಿದು ಊರಿನ ಹೆಣ್ಣುಮಕ್ಕಳ ಸಂಘದವರು ಆ ಶೆಡ್ಡು ನಡೆಸುತ್ತಿದ್ದರು. ಕಲಿಯಬೇಕೆನ್ನುವ ಯಾರು ಬೇಕಾದರೂ ಬರಬಹುದಿತ್ತು, ಜಾತಿ ಕೇಳುತ್ತಿರಲಿಲ್ಲ. ಸಾಲಿಯಲ್ಲಿ ಕಲಿಸಿ ನಿವೃತ್ತರಾದ ಅಕ್ಕೋರೊಬ್ಬರು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ನಮಗೆ ಕಲಿಸುವವರು ಗಂಡ ಹೆಂಡತಿ, ತಲೆತಲಾಂತರದ ಕುಂಬಾರರು. ಅವರನ್ನು ನಾವು ಕಾಕಾ, ಚಿಗವ್ವ ಎನ್ನುತ್ತಿದ್ದೆವು. ಕಾಕಾ ತಿಗರಿ ತಿರುಗಿಸಿ ಮಣ್ಣು ಮೇಲೆತ್ತುವುದನ್ನು ಕಲಿಸುವರು. ಚಿಗವ್ವ ಹಸಿ ಗಡಿಗೆಯ ಒಳಗೊಂದು ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ಬಡಿದು ಬಡಿದು ಹೊಟ್ಟೆ ಉಬ್ಬಿಸುವುದನ್ನು ಕಲಿಸುವಳು. ಮಾತೆಲ್ಲ ಅವಳದೇ. ಕಾಕಾನನ್ನು ಏನಾದರೂ ಕೇಳಿದರೆ ಅವಳೇ ಉತ್ತರ ಕೊಡುವಳು. ಮನೆಯಲ್ಲೂ ಇವಳದೇ ಕಾರಭಾರ ಇರಬೇಕು ಎಂದು ನಾವು ನಗುತ್ತಿದ್ದೆವು.

ಗಡಿಗೆ, ಹರವಿ ಸುಡುವ ಆವಿಗೆ ಶೆಡ್ಡಿನ ಹಿಂದೆ ಇತ್ತು. ಸುಟ್ಟು ಆರಿದ ಮೇಲೆ ತೆರೆಯುವ ದಿನ ನಮಗೆ ಹಬ್ಬವಿದ್ದಂತೆ. ಪೂಜೆ ಮಾಡಿ, ಎಲೆ ಅಡಿಕೆ ಇಟ್ಟು, ಕಾಕಾ ಮುಂದೆ ತಟ್ಟು ಹಾಸಿಕೊಂಡು ಕೂಡುತ್ತಿದ್ದರು. ಒಂದೊಂದೇ ಗಡಿಗೆಯನ್ನು ಎತ್ತಿ ಬೆರಳಿನ ಗೆಣ್ಣಿನಿಂದ ಬಾರಿಸುವರು. ಚೆನ್ನಾಗಿ ಬೆಂದದ್ದು ಗಂಟೆಯಂತೆ ನುಡಿಯುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ದನಿ ಒಳಗೇ ಸತ್ತುಹೋಗುತ್ತದೆ. ನುಡಿದದ್ದು ಬಲಕ್ಕೆ, ನುಡಿಯದ್ದು ಎಡಕ್ಕೆ. ಆ ಕೆಲಸವನ್ನು ಕಾಕಾ ಇನ್ನೊಬ್ಬರಿಗೆ ಬಿಟ್ಟವರಲ್ಲ. ಕುಂಬಾರನ ಕೈ ದಾಟಿ ಹೋದ ಗಡಿಗೆ ಸೋರಬಾರದು ಎಂಬುದು ಅವರ ಮಾತು.

ಚಿಗವ್ವ ಅವರ ಎದುರಿಗೆ ಎಲೆ ಜಗಿಯುತ್ತ ಕೂಡುವಳು. ಪ್ರತಿ ಗಡಿಗೆ ಬಾರಿಸಿದ ಮೇಲೂ ಕಾಕಾ ತಲೆ ಎತ್ತಿ ಅವಳ ಮುಖ ನೋಡಿಯೇ ಅದನ್ನು ಕೆಳಗಿಡುವರು. ನಮ್ಮಲ್ಲಿ ಬೈಲಹೊಂಗಲದ ಒಬ್ಬ ಗೆಳತಿ ಇದ್ದಳು, ಬಾಯಿ ಸುಮ್ಮನಿರದವಳು. ಹೆಂಡತಿಯ ಅಪ್ಪಣೆ ಇಲ್ಲದೆ ಒಂದು ಹಣತೆಯೂ ಪಾಸಾಗುವುದಿಲ್ಲ ನೋಡು ಎಂದು ಅವಳು ಆಡಿದಳು. ಚಿಗವ್ವನಿಗೆ ಕೇಳಿಸಿತು.

“ನೋಡ್ಲಿ ಬಿಡವಾ. ಮದವ್ಯಾಗ ಅಕ್ಕಿಕಾಳ ಬಿದ್ದ ದಿನ ನಾಚಿ ತಲಿ ಎತ್ತಿರಲಿಲ್ಲ. ಅವತ್ತಿಂದು ಈಗ ಬಡ್ಡಿ ಸೇರಿಸಿ ನೋಡಾಕ ಹತ್ಯಾರ.”

ಎಲ್ಲರೂ ನಕ್ಕರು. ಕಾಕಾ ಮಾತ್ರ ಮುಂದಿನ ಗಡಿಗೆ ಎತ್ತಿಕೊಂಡರು.

ಆದರೆ ಚಿಗವ್ವನಿಗೆ ಎಲೆ ಸೇರುತ್ತಿರಲಿಲ್ಲ. ಬೇರೆ ದಿನ ಅವಳು ಅದನ್ನು ಮುಟ್ಟಿದ್ದನ್ನು ನಾನು ನೋಡಿಲ್ಲ. ಆವಿಗೆ ಬರಿದಾದ ಕೂಡಲೇ ಬಚ್ಚಲಿಗೆ ಓಡಿ ಉಗುಳಿ, ಬಾಯಿ ಮುಕ್ಕಳಿಸಿ, ನಾಲಿಗೆ ಸುಟ್ಟಿತೆಂದು ಚೂರು ಬೆಲ್ಲ ಕೇಳುವಳು. ಸೇರದಿದ್ದರೆ ಯಾಕೆ ತಿನ್ನುತ್ತೀರಿ ಎಂದು ಒಮ್ಮೆ ಕೇಳಿದೆ. ಆ ದಿನ ಬೇಕಾಗತೈತಿ ಎಂದು ಬೆಲ್ಲ ಬಾಯಿಗಿಟ್ಟುಕೊಂಡಳು. ಪೂಜೆಯ ಎಲೆಯನ್ನಾದರೂ ತಿನ್ನುವಳೇ ಎಂದರೆ ಅದು ಆವಿಗೆಯ ಬಾಯಲ್ಲಿ ಹಾಗೇ ಬಾಡುತ್ತಿತ್ತು. ಅವಳ ಎಲೆ ಮನೆಯಿಂದಲೇ ಸೆರಗಿನ ಗಂಟಿನಲ್ಲಿ ಬರುತ್ತಿತ್ತು.

ಒಂದು ಮಳೆಗಾಲದಲ್ಲಿ ಅವಳಿಗೆ ಕಾಮಾಲೆ ಆಯಿತು. ಬೈಲಹೊಂಗಲದ ದವಾಖಾನೆಗೆ ಒಯ್ದರು. ಮನೆಗೆ ತಿರುಗಿ ಬರಲಿಲ್ಲ.

ದಸರೆ ಕಳೆದ ಮೇಲೆ ಕಾಕಾ ಮತ್ತೆ ಶೆಡ್ಡಿಗೆ ಬಂದರು. ಹೊಸ ಆವಿಗೆ ತೆರೆದ ದಿನ ಎಂದಿನಂತೆ ತಟ್ಟು ಹಾಸಿ ಕುಳಿತರು. ಒಂದು ಹರವಿ ಎತ್ತಿ ಬಾರಿಸಿದರು. ತಲೆ ಎತ್ತಿದರು. ಎದುರಿಗೆ ಯಾರೂ ಇರಲಿಲ್ಲ. ಹರವಿಯನ್ನು ಬಲಕ್ಕಿಟ್ಟರು. ನಾನು ಹತ್ತಿರವೇ ಬೂದಿ ಒರೆಸುತ್ತಿದ್ದೆ. ದನಿ ಸತ್ತ ಹರವಿ ಅದು, ನನಗೇ ತಿಳಿಯಿತು. ಮುಂದಿನದು ಚೆನ್ನಾಗಿ ನುಡಿಯಿತು. ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಎಡಕ್ಕಿಟ್ಟರು. ಗೆಳತಿ ನನ್ನ ಕಡೆ ನೋಡಿದಳು.

ಕಾಕಾನ ಕಿವಿ ಹೋಗಿತ್ತು. ಜೋರು ಮಾತು ಅಷ್ಟಿಷ್ಟು ಕೇಳುತ್ತಿತ್ತು, ಗಡಿಗೆಯ ಸಣ್ಣ ದನಿ ಕೇಳುತ್ತಿರಲಿಲ್ಲ. ಯಾವಾಗಿನಿಂದ ಎಂಬುದು ಯಾರಿಗೂ ಗೊತ್ತಿಲ್ಲ. ಇಷ್ಟು ದಿನ ಅವರು ಕಿವಿಯಿಂದಲ್ಲ, ಹೆಂಡತಿಯ ಮುಖದಿಂದ ಗಡಿಗೆ ಆರಿಸುತ್ತಿದ್ದರು.

ಅವರು ಆರಿಸಿದ್ದನ್ನು ತಿರುಗಿ ಆರಿಸುವ ಧೈರ್ಯ ನಮಗಾಗಲಿಲ್ಲ. ಅವರು ಬಲಕ್ಕಿಟ್ಟ ಹರವಿಗಳು ಕಿತ್ತೂರಿನ ಅಂಗಡಿಗೆ ಹೋದವು. ಹೆದ್ದಾರಿಯ ಮಗ್ಗುಲಿನ ಅಂಗಡಿ, ಹೋಗಿಬರುವ ಗಾಡಿಯವರು ನಿಂತು ಕೊಳ್ಳುತ್ತಿದ್ದರು. ಅಂಗಡಿಯವನು ಸೋರುವ ಹರವಿಗಳನ್ನೆಲ್ಲ ತಿರುಗಿ ಕಳಿಸಿದ. ಅಕ್ಕೋರು ಕಾಕಾ ಇಲ್ಲದ ಹೊತ್ತು ನೋಡಿ ನಮ್ಮನ್ನು ಕೂಡಿಸಿದರು. ಇನ್ನೊಮ್ಮೆ ಹೀಗಾದರೆ ಗಡಿಗೆ ಆರಿಸಲು ಬೇರೆಯವರನ್ನು ಹಚ್ಚಬೇಕಾಗುತ್ತದೆ ಎಂದರು. ಹೇಳುವಾಗ ಅವರ ಮುಖವೂ ಸಣ್ಣದಾಗಿತ್ತು. ಹಾಗೆ ಮಾಡಿದರೆ ಕಾಕಾ ಮರುದಿನ ಶೆಡ್ಡಿಗೆ ಕಾಲಿಡುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಶೆಡ್ಡು ಬಿಟ್ಟರೆ ಅವರಿಗೆ ಉಳಿದದ್ದು ಖಾಲಿ ಮನೆ.

ಯಾರಾದರೂ ಚಿಗವ್ವನ ಜಾಗದಲ್ಲಿ ಕೂಡಬೇಕು ಎಂದಳು ಗೆಳತಿ. ಚಿಗವ್ವ ಹೇಗೆ ತಿಳಿಸುತ್ತಿದ್ದಳು ಎಂದು ಎಲ್ಲರೂ ಯೋಚಿಸಿದರು. ಹುಬ್ಬು ಎತ್ತುತ್ತಿದ್ದಳೇ, ಕಣ್ಣು ಹೊಡೆಯುತ್ತಿದ್ದಳೇ? ನನಗೆ ಆಗ ಎಲೆ ನೆನಪಾಯಿತು. ಗಡಿಗೆ ನುಡಿದರೆ ಅವಳ ದವಡೆ ಆಡುತ್ತಲೇ ಇರುತ್ತಿತ್ತು. ನುಡಿಯದಿದ್ದರೆ ನಿಲ್ಲುತ್ತಿತ್ತು. ಹೇಳಿದೆ. ಹೇಳಿದ್ದೇ ತಪ್ಪಾಯಿತು, ನೀನೇ ಕೂಡು ಎಂದರು.

“ನಾ ಒಲ್ಲೆ. ನೀ ಕುಂಡ್ರು,” ಎಂದೆ ಗೆಳತಿಗೆ.

“ನನ್ನ ಮಾರಿ ಬೀಸೋ ಕಲ್ಲ ಇದ್ದಂಗ, ನಿಂದರೂದ ಇಲ್ಲ. ನಿಂದು ಗ್ವಾಡಿ ಇದ್ದಂಗ ಇರತೈತಿ. ಒಂಚೂರು ಅಲುಗಿದ್ರೂ ಕಾಕಾಗ ತಿಳೀತದ.”

ಗಂಡಸಿನ ಎದುರು ಮುಖ ಎತ್ತಿ ಕೂಡುವುದು ನನಗೆ ಸಣ್ಣ ಮಾತಾಗಿರಲಿಲ್ಲ. ಮೇಲಾಗಿ, ನಿಮ್ಮ ಅಜ್ಜ ಹೋದಂದಿನಿಂದ ನಾನು ಎಲೆ ಬಿಟ್ಟಿದ್ದೆ. ಅದರ ಬದಲು ಜಗಿಯಲು ಹಿಡಿ ಹುರಿದ ಪುಠಾಣಿ ಕಟ್ಟಿಕೊಂಡು ಹೋದೆ.

ಆವಿಗೆ ತೆರೆದರು. ನಾನು ಎದುರಿಗೆ ಕುಳಿತು ಪುಠಾಣಿ ಜಗಿಯತೊಡಗಿದೆ. ಕಾಕಾ ಮೊದಲ ಗಡಿಗೆ ಬಾರಿಸಿ, ರೂಢಿಯಂತೆ ತಲೆ ಎತ್ತಿದರು. ನನ್ನ ಬಾಯಿ ಆಡುತ್ತಿತ್ತು. ಅವರು ನೋಡುತ್ತಲೇ ಉಳಿದರು. ಬಳಿಕ ಗಡಿಗೆಯನ್ನು ಮೆಲ್ಲಗೆ ಬಲಕ್ಕಿಟ್ಟರು. ದನಿ ಸತ್ತದ್ದು ಬಂದಾಗ ಜಗಿಯುವುದನ್ನು ನಿಲ್ಲಿಸಿದೆ. ಎಡಕ್ಕೆ ಹೋಯಿತು. ಇಡೀ ಆವಿಗೆ ಹಾಗೇ ಬರಿದಾಯಿತು. ಒಂದೂ ತಪ್ಪಲಿಲ್ಲ. ಹಿಂದೆ ನಿಂತ ಹೆಣ್ಣುಮಕ್ಕಳು ಉಸಿರು ಬಿಟ್ಟರು. ಗೆದ್ದೆವು ಎಂದುಕೊಂಡೆ ನಾನೂ.

ಕಾಕಾ ಏಳಲಿಲ್ಲ. ಕೈಯ ಬೂದಿ ಒರೆಸಿಕೊಳ್ಳುತ್ತ ಕುಳಿತಿದ್ದರು.

“ತಂಗಿ,” ಎಂದರು. “ಆಕಿಗೆ ಗೊತ್ತಿತ್ತೇನು?”

ಕೇಳಿದ್ದು ನನಗೆ ಮೊದಲು ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಕಿವಿ ಮಂದವಾದದ್ದನ್ನು ಅವರು ಹೆಂಡತಿಗೆ ಎಂದೂ ಹೇಳಿರಲಿಲ್ಲವಂತೆ. ಕುಂಬಾರನಿಗೆ ಗಡಿಗೆ ಕೇಳುವುದಿಲ್ಲ ಎಂದು ಯಾವ ಬಾಯಿಂದ ಹೇಳುವುದು? ಪೂಜೆಯ ಎಲೆ ಜಗಿಯುತ್ತಾಳೆ, ಕೆಟ್ಟ ದನಿ ಕೇಳಿದಾಗ ತನಗರಿವಿಲ್ಲದೆ ಜಗಿಯುವುದನ್ನು ನಿಲ್ಲಿಸುತ್ತಾಳೆ, ತಾವು ಅದನ್ನು ಕದ್ದು ನೋಡಿಕೊಳ್ಳುತ್ತಿದ್ದೇವೆ ಎಂದೇ ತಿಳಿದಿದ್ದರು. ಅವಳಿಗೆ ಮೋಸ ಮಾಡುತ್ತಿದ್ದೇನೆ ಎಂಬ ಹಳಹಳಿ ಇಷ್ಟು ವರ್ಷವೂ ಇತ್ತಂತೆ. ಕಿವಿಗೇನಾಗಿದೆ ಎಂದು ಅವಳೂ ಒಂದು ದಿನ ವಿಚಾರಿಸಲಿಲ್ಲವಂತೆ.

ನಾನು ನೆಲ ನೋಡುತ್ತ, ಗೊತ್ತಿತ್ತು ಎಂದೆ.

“ಏನಂದಿ? ಜೋರಲೆ ಹೇಳು ತಂಗಿ. ನನಗ ಕೇಳಂಗಿಲ್ಲ.”

ಆ ಮಾತನ್ನು ಅವರು ಯಾರ ಮುಂದೂ ಆಡಿದ್ದಿಲ್ಲ. ನಾನು ಜನರ ನಡುವೆ ದನಿ ಎತ್ತಿದವಳಲ್ಲ. ಅವತ್ತು ಕೂಗಿ ಹೇಳಿದೆ.

“ಚಿಗವ್ವಗ ಗೊತ್ತಿತ್ತು ಕಾಕಾ. ಆಕಿಗೆ ಎಲಿ ಸೇರತಿದ್ದಿಲ್ಲ. ನಿಮ್ಮ ಸಲುವಾಗಿ ತಿಂತಿದ್ಲು.”

ಕಾಕಾ ತಲೆ ಆಡಿಸಿದರು, ಸಂತೆಯಲ್ಲಿ ಯಾರೋ ದಾರಿ ತೋರಿಸಿದಾಗ ಆಡಿಸುವ ಹಾಗೆ. ಆಮೇಲೆ ಹೆಗಲ ಮೇಲಿನ ವಸ್ತ್ರವನ್ನು ಮುಖಕ್ಕೆ ಹಿಡಿದುಕೊಂಡರು. ನಾವು ಒಬ್ಬೊಬ್ಬರಾಗಿ ಹೊರಗೆ ಬಂದೆವು.

ಅಕ್ಕೋರು ಬಹಳ ಹೇಳಿದರು. ತಿಗರಿಗೆ ಕಿವಿ ಬೇಕಿಲ್ಲ, ಕಲಿಸಿಕೊಂಡು ಇರ್ರಿ ಎಂದರು. ಕಾಕಾ ಒಪ್ಪಲಿಲ್ಲ. ಸಾಲಹಳ್ಳಿಗೆ ಕೊಟ್ಟಿದ್ದ ಮಗಳು ಬಂದು ಕರೆದುಕೊಂಡು ಹೋದಳು. ಅವರು ಹೋದ ಮೇಲೆ ತಿಗರಿ ಕಲಿಸುವವರು ಸಿಗದೆ, ನಾವು ಕೆಲವು ದಿನ ಹಣತೆ, ಒಲೆ ಮಾಡಿದೆವು. ಆಮೇಲೆ ಗೋದಾಮಿನ ಮಾಲಕರು ಬೀಗದ ಕೈ ತಿರುಗಿ ಕೇಳಿದರು, ಶೆಡ್ಡು ಮುಚ್ಚಿತು.

ಅದಾದ ಮೇಲೆ ಒಂದು ಬೇಸಿಗೆಯಲ್ಲಿ ಗೆಳತಿಯೂ ನಾನೂ ರಾಮದುರ್ಗದ ಬಸ್ಸು ಹಿಡಿದು ಸಾಲಹಳ್ಳಿಗೆ ಅವರನ್ನು ಕಾಣಲು ಹೋದೆವು. ಕಾಕಾ ಕಟ್ಟೆಯ ಮೇಲೆ ಕುಳಿತಿದ್ದರು, ಪೂರಾ ಇಳಿದುಹೋಗಿದ್ದರು. ಗುರುತು ಹಿಡಿದು, ನೀರು ತರಿಸಿ, ಕೂಡಿಸಿಕೊಂಡರು. ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಾರೆ ಎಂದು ಮಗಳು ಬಾಗಿಲಲ್ಲಿ ನಿಂತು ಮೊದಲೇ ನಮಗೆ ಮೆಲ್ಲಗೆ ತಿಳಿಸಿದಳು.

ಅವರು ಹೇಳಿದರು, ದೊಡ್ಡ ದನಿಯಲ್ಲಿ, ಓಣಿಗೆಲ್ಲ ಕೇಳುವಂತೆ. “ನನಗ ಕಿವಿ ಕೇಳತಿದ್ದಿಲ್ಲ ನೋಡ್ರಿ. ನನ್ನ ಹೇಣ್ತಿ ಕೇಳಿ ಹೇಳತಿದ್ಲು.”

ಗೆಳತಿ ಹೌದೇನ್ರೀ ಕಾಕಾ ಎಂದಳು. ನಾವು ಮೊದಲಿನಿಂದ ಕೊನೆಯವರೆಗೆ, ಗೊತ್ತಿಲ್ಲದವರ ಹಾಗೆ ಕೇಳಿಸಿಕೊಂಡೆವು.