ಟಾಂಗಾ ಕುದುರೆಯ ಬಾಣಂತನ

ನಾನು ಮೊದಲ ಸಲ ಬಸುರಾದ ವರ್ಷ ಮಲಾಡ್‌ನ ನಮ್ಮ ಚಾಳ್‌ನಲ್ಲಿ ಇನ್ನೊಂದು ಬಸುರಿಯೂ ಇತ್ತು. ಹಿಂದಿನ ಶೆಡ್ಡಿನ ಟಾಂಗಾ ಕುದುರೆ. ಅದರ ಯಜಮಾನ ಬಿಜಾಪುರದ ಕಡೆಯವನು, ಸ್ಟೇಷನ್ನಿನಿಂದ ಟಾಂಗಾ ಹೊಡೆಯುತ್ತಿದ್ದ. ನನ್ನ ಅತ್ತೆ ಬೆಳಿಗ್ಗೆ ನನ್ನ ಕಾಲು ಊದಿದೆಯೇ ಎಂದು ನೋಡಿ, ನೇರ ಶೆಡ್ಡಿಗೆ ಹೋಗಿ ಕುದುರೆಯ ಕಾಲನ್ನೂ ನೋಡಿ ಬರುತ್ತಿದ್ದರು.

ಕುದುರೆಗೆ ಹನ್ನೊಂದು ತಿಂಗಳು ತುಂಬಿ ಹನ್ನೆರಡನೆಯದು ಹಿಡಿಯಿತು. ಈಯುವ ಸೂಚನೆಯೇ ಇಲ್ಲ. ಕೆಚ್ಚಲು ಚೂರೂ ತುಂಬಿರಲಿಲ್ಲ.

"ಅಮ್ಮಾರ, ತಿಂಗಳಾ ಎಣಸೂದ್ರಾಗ ನಾನೇ ತಪ್ಪೀನೇನ್ರಿ?" ಎಂದು ಅವನು ಅತ್ತೆಯನ್ನು ಕೇಳಿದ.

"ನನ್ನ ಹತ್ರ ಎಂತ ಕೇಳುದು ಮಾರಾಯ? ನಾನೇನು ಕುದುರೆ ಹೆತ್ತಿದ್ದೇನಾ?"

ಕಡೆಗೆ ಅವನು ದನದ ಡಾಕ್ಟರನ್ನು ಕರೆತಂದ. "ಕ್ಯಾ ಖಿಲಾತಾ ಹೈ?" ಎಂದರು ಡಾಕ್ಟರು. ಬಸುರಿಗೆ ಒಳ್ಳೆಯದೆಂದು ದಹಿಸರ್ ಕಡೆಯ ಬಯಲಿನಿಂದ ತಾನೇ ಕೊಯ್ದು ತರುತ್ತಿದ್ದ ಹಸಿ ಹುಲ್ಲಿನ ಹೊರೆಯನ್ನು ಅವನು ಹೆಮ್ಮೆಯಿಂದ ಮುಂದಿಟ್ಟ. ಡಾಕ್ಟರು ಒಂದು ತೆನೆಯನ್ನು ಅಂಗೈಯಲ್ಲಿ ತಿಕ್ಕಿದರು. ಬೀಜ ಇರಬೇಕಾದಲ್ಲಿ ಇಲಿಹಿಕ್ಕೆಯಂಥ ಕಪ್ಪು ಕಾಳು. ಅದು ಬೂಷ್ಟಿನ ವಿಷ, ತಿಂದ ಕುದುರೆಗೆ ದಿನ ಮೀರುತ್ತದೆ, ಹಾಲು ಇಳಿಯುವುದಿಲ್ಲ, ಇವತ್ತಿನಿಂದ ಒಣಹುಲ್ಲು ಮತ್ತು ಬೂಸಾ ಮಾತ್ರ ಎಂದು ಹೇಳಿ ಹೋದರು.

"ನನ್ನ ಕೈಯಾರೆ ವಿಷಾ ಹಾಕೀನ್ರಿ ಅಮ್ಮಾರ!" ಎಂದು ಅವನು ಅತ್ತೇಬಿಟ್ಟ.

ಅತ್ತೆ ಅವನನ್ನು ಸಮಾಧಾನ ಮಾಡಿದರು. ಆದರೆ ಹಿಂದಿ ಅರೆಬರೆ ತಿಳಿಯುತ್ತಿದ್ದ ಅವರ ತಲೆಗೆ ಹೊಕ್ಕದ್ದು ಒಂದೇ ಮಾತು, ಬಸುರಿಗೆ ಹಸಿರು ಆಗದು. ಅಂದೇ ನನ್ನ ಬಟ್ಟಲಿನಿಂದ ಬಸಳೆ ಮಾಯವಾಯಿತು, ಮರುದಿನ ಹರಿವೆ. ಸಾರಿನಲ್ಲಿ ಕೊತ್ತಂಬರಿ ಕಂಡರೂ ಆರಿಸಿ ಎಸೆಯುತ್ತಿದ್ದರು.

"ಅತ್ತೆ, ನಾನೇನು ಕುದುರೆಯಾ?"

"ಸುಮ್ಮನೆ ಕೂತ್ಕೋ. ಅದೂ ಚಪ್ಪರಿಸಿಯೇ ತಿಂದದ್ದು."

ಬಾಂದ್ರಾದ ಹೋಟೆಲಿನಲ್ಲಿ ಕೆಲಸಕ್ಕಿದ್ದ ನನ್ನ ಗಂಡ ಪಾಲಕ್ ಭಜಿಯನ್ನು ಪೇಪರಿನಲ್ಲಿ ಸುತ್ತಿ ಶರಟಿನೊಳಗೆ ಅಡಗಿಸಿ ತಂದರು. ಶೆಡ್ಡಿಗೆ ಹೋಗಿ ಕದ್ದು ತಿಂದೆ. ಪಾಪ, ಕುದುರೆ ಒಣಹುಲ್ಲು ಅಗಿಯುತ್ತ ನನ್ನ ಬಾಯನ್ನೇ ನೋಡುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಅದು ಈಯಿತು. ಮರಿ ತೀರಾ ದೊಡ್ಡದು, ಡಾಕ್ಟರೇ ಎಳೆಯಬೇಕಾಯಿತು. ತಾಯಿಗೆ ಹನಿ ಹಾಲಿಲ್ಲ. ಗಂಡ ಹೋಟೆಲಿನಿಂದ ಹಾಲು ತಂದರು, ಡಾಕ್ಟರು ಹೇಳಿದಂತೆ ನೀರು, ಸಕ್ಕರೆ ಬೆರೆಸಿ ಬಾಟಲಿಯಲ್ಲಿ ಕುಡಿಸಿದೆವು. ನನ್ನ ಬಾಣಂತನಕ್ಕೆಂದು ಕಾಸಿಟ್ಟಿದ್ದ ಲೇಹ್ಯದ ಭರಣಿಯನ್ನು ಅತ್ತೆ ಶೆಡ್ಡಿಗೆ ಒಯ್ದು ಬೂಸಾಕ್ಕೆ ಕಲಸಿದರು.

"ಅದು ನನ್ನದಲ್ವಾ?" ಎಂದೆ.

"ನಿನಗಿನ್ನೂ ದಿನ ಇದೆ. ಬಾಣಂತಿ ಯಾರು ಈಗ?"

ಕೆಲವು ದಿನಗಳಲ್ಲಿ ಕೆಚ್ಚಲು ತುಂಬಿತು. ಆ ಹುಲ್ಲು ಬಿಟ್ಟದ್ದರಿಂದ ಎಂದರು ಡಾಕ್ಟರು. ಟಾಂಗಾದವನು ಅವರೆದುರು "ಹೌದ್ ಸಾಹೇಬ್ರ" ಎಂದ, ಅತ್ತೆಯೆದುರು "ಎಲ್ಲಾ ನಿಮ್ಮ ಲೇಹ್ಯದ ಗುಣಾರೀ" ಎಂದ. ಚಾಳ್‌ನವರು ನಂಬಿದ್ದು ಎರಡನೆಯದನ್ನೇ. ಮುಂದೆ ಯಾರ ಮನೆಯಲ್ಲಿ ಹೆರಿಗೆಯಾದರೂ ಹೆಂಗಸರು ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬಂದು, "ಆ ಕುದುರೆ ಲೇಹ್ಯ ಸ್ವಲ್ಪ ಇದೆಯಾ?" ಎಂದು ಕೇಳತೊಡಗಿದರು.