ಎರಡನೇ ರಿಮೋಟು ಯಾರಿಗೆ?

ಕಳೆದ ಭಾನುವಾರ ನನ್ನ ಮಗಳು ಒಬ್ಬಳೇ ಕೂತು ಇಬ್ಬರ ಆಟ ಆಡುತ್ತಿದ್ದಳು. ಬಲಗೈ ಗೇಮಿನ ಗುಂಡಿಗಳ ಮೇಲೆ, ಎಡಗೈ ವೈರಿನ ತುದಿಯ ರಿಮೋಟಿನ ಮೇಲೆ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಹೋಗಲು ಮುಖ ಇರಲಿಲ್ಲ.

ತಪ್ಪು ನನ್ನದು. ಪೂರ್ತಿ ಹೇಳುತ್ತೇನೆ, ಆಮೇಲೆ ನೀವೇ ಬೈಯಿರಿ.

ಬೇಸಿಗೆ ರಜೆ. ನಾಲ್ಕನೇ ಕ್ಲಾಸು ಮುಗಿಸಿದ ಸಹನಾ ಬಂದು, "ಅಪ್ಪಾ, ಕೈಯಾಗ ಹಿಡಕೊಂಡು ಆಡೋ ಗೇಮ್ ಕೊಡಸ್ರಿ. ಇಬ್ರು ಆಡೋದು ಬೇಕ್ರಿ. ನಂಗ, ಆಸ್ಮಾಗ" ಎಂದಳು. ಆಸ್ಮಾ ಪಕ್ಕದ ಮನೆಯ ಹುಡುಗಿ. ಜಹೀರಾಬಾದಿನ ನಮ್ಮ ಗಲ್ಲಿಯಲ್ಲಿ ಇವರಿಬ್ಬರ ಜಗಳ ಕನ್ನಡದಲ್ಲಿ ಶುರುವಾಗಿ, ತೆಲುಗಿನಲ್ಲಿ ಜೋರಾಗಿ, ಉರ್ದುವಿನಲ್ಲಿ ರಾಜಿಯಾಗುತ್ತಿತ್ತು. ಅದೂ ದಿನಕ್ಕೆ ನಾಲ್ಕು ಸಲ.

ನನಗೂ ಖುಷಿಯಾಯಿತು. ಮೊಬೈಲ್ ಆದರೂ ಬಿಡುತ್ತಾರಲ್ಲ! ಅವತ್ತೇ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋದೆ. ಅಂಗೈಯಗಲದ ಕೆಂಪು ಗೇಮು, ಜೊತೆಗೊಂದು ರಿಮೋಟು, ಒಳಗೆ ನಾನೂರು ಆಟ. ರೇಟು ನನ್ನಂಥ ಗುಮಾಸ್ತನ ಕೈಗೆಟುಕುವಂಥದ್ದೇ. "ಲೇ ಜಾವ್ ಸಾಬ್, ಬಚ್ಚೇ ಖುಶ್ ಹೋಜಾತೇ" ಎಂದ ಅಂಗಡಿಯಾತ; ಒಯ್ಯಿರಿ, ಮಕ್ಕಳು ಖುಷಿಪಡುತ್ತಾರೆ ಅಂತ.

ತಗೊಂಡೆನಾ? ಇಲ್ಲ. ಮೊದಲನೇ ಅಂಗಡಿಯಲ್ಲಿ, ಹೇಳಿದ ರೇಟಿಗೆ, ನೋಡಿದ ದಿನವೇ ತಗೊಂಡರೆ ನಮ್ಮ ಮನೆತನದ ಮರ್ಯಾದೆ ಏನಾಗಬೇಕು? (ನಮ್ಮಪ್ಪ ಒಂದು ಟೇಬಲ್ ಫ್ಯಾನಿಗಾಗಿ ಎರಡು ಬೇಸಿಗೆ ವಿಚಾರಿಸಿದವರು.)

ಮನೆಗೆ ಬಂದು ರಿವ್ಯೂ ಓದಲು ಕೂತೆ. ಒಬ್ಬ ಐದು ಸ್ಟಾರ್ ಕೊಟ್ಟು ಹೊಗಳಿದ್ದಾನೆ. ಅದರ ಕೆಳಗೇ ಇನ್ನೊಬ್ಬ, ಉಬ್ಬಿದ ಬ್ಯಾಟರಿಯ ಫೋಟೊ ಹಾಕಿದ್ದಾನೆ. ಯಾರನ್ನು ನಂಬುವುದು? ಬ್ಯಾಟರಿ ತೆಗೆದು ಹಾಕಲು ಬರುತ್ತದಾ, ಚಾರ್ಜರಿನ ಪಿನ್ನು ಯಾವುದು, ನಾನೂರು ಅಂತ ಹೇಳಿ ಅದದೇ ಆಟವನ್ನು ಬೇರೆ ಬೇರೆ ಹೆಸರಲ್ಲಿ ತುಂಬಿದ್ದಾರಾ... ಆಫೀಸಿನ ಫೈಲುಗಳನ್ನೂ ನಾನು ಇಷ್ಟು ಶ್ರದ್ಧೆಯಿಂದ ಓದಿದವನಲ್ಲ.

ನಾರಾಯಣಖೇಡದಲ್ಲಿರುವ ಹೆಂಡತಿಯ ತಮ್ಮನಿಗೆ ಫೋನ್ ಮಾಡಿದೆ. "ಮಾವ, ಗಡಬಡ ಮಾಡಬ್ಯಾಡ್ರಿ. ಇಲ್ಲಿ ಪರಿಚಯದಾಂವ ಒಬ್ಬ ಹಾನ, ಕೇಳಿ ಹೇಳ್ತೀನಿ" ಎಂದ. ಕೇಳಲು ಮೂರು ವಾರ ತಗೊಂಡ. ನಾನೂ ನೆನಪಿಸಲಿಲ್ಲ.

ದಿನಾ ಸಂಜೆ ಸಹನಾ, "ಆತೇನ್ರಿ ಅಪ್ಪಾ?" ಎನ್ನುವಳು. "ನೋಡಾಕತ್ತೀನಿ ತಡಿಯವ್ವ" ಎನ್ನುವೆ. ಗೋಡೆಯ ಮೇಲಿಂದ ಆಸ್ಮಾಳ ಮುಖ ಕಾಣುತ್ತಿತ್ತು. ಏನಾಯಿತೆಂದು ಅವಳು ಕೈ ತಿರುವಿ ಕೇಳುತ್ತಿದ್ದಳು.

ರಜೆ ಮುಗಿಯಿತು. ಕೊನೆಗೂ ಆ ಕೆಂಪು ಗೇಮನ್ನೇ ತರುವುದೆಂದು ಚಪ್ಪಲಿ ಮೆಟ್ಟುತ್ತಿದ್ದಾಗ ನನ್ನವ್ವ, "ಆಷಾಢ ಹತ್ತೇದ, ಈಗ್ಯಾಕ ಹೊಸಾದು ತರ್ತಿ? ಶ್ರಾವಣ ಸೋಮವಾರ ತಂದ್ರ ಆತು" ಎಂದಳು. ಮಕ್ಕಳ ಗೇಮಿಗೆಂಥ ಆಷಾಢ ಅಂತ ಕೇಳಬಹುದಿತ್ತು. ಕೇಳಲಿಲ್ಲ. ನಿಜ ಹೇಳಲಾ? ಮುಂದಕ್ಕೆ ಹಾಕಲು ಒಂದು ನೆಪ ಸಿಕ್ಕಿತೆಂದು ನನಗೆ ನಿರಾಳವೇ ಆಗಿತ್ತು.

ಆಸ್ಮಾಳ ಮನೆಯವರಿಗೆ ಆಷಾಢ ಇಲ್ಲ. ಅವಳ ಅಪ್ಪನಿಗೆ ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸ ಸಿಕ್ಕಿತು. ಒಂದು ಬೆಳಿಗ್ಗೆ ಟೆಂಪೊಗೆ ಸಾಮಾನು ಏರಿಸತೊಡಗಿದರು. ಸಹನಾ ಅಳಲಿಲ್ಲ. ನನ್ನ ಹತ್ತಿರ ಬಂದು, "ಈಗ ತಂದ್ರ ಒಂದೇ ಒಂದು ಸಲ ಆಡ್ತೀವ್ರಿ" ಎಂದಳು. ಅಂಗಡಿ ತೆರೆಯಲು ಇನ್ನೂ ಎರಡು ತಾಸಿತ್ತು. ಟೆಂಪೊ ಅರ್ಧ ತಾಸಿನಲ್ಲಿ ಹೊರಟುಹೋಯಿತು.

ಶ್ರಾವಣದ ಮೊದಲ ಸೋಮವಾರ ಗೇಮು ತಂದೆ. ಅದೇ ಅಂಗಡಿ, ಅದೇ ಪೀಸು, ಅದೇ ರೇಟು. ಹತ್ತು ರೂಪಾಯಿಯೂ ಕಮ್ಮಿಯಾಗಿರಲಿಲ್ಲ. ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿ ಮೊಮ್ಮಗಳ ಕೈಗೆ ಕೊಟ್ಟಳು.

ತಾಂಡೂರೇನು ಲಂಡನ್ನಾ, ಕರಕೊಂಡು ಹೋಗಬಾರದಾ ಅಂತೀರಿ. ಆಸ್ಮಾಳ ಅಪ್ಪನಿಗೆ ಫೋನ್ ಮಾಡಿದೆ, ನಂಬರು ಬದಲಾಗಿದೆ. ಆ ಊರ ತುಂಬ ಕಲ್ಲು ಪಾಲಿಶ್ ಮಾಡುವವರೇ. ಎಲ್ಲಿ ಅಂತ ಹುಡುಕುವುದು? ಒಂದು ಗೇಮಿನ ಬಗ್ಗೆ ಮೂರು ತಿಂಗಳು ವಿಚಾರಿಸಿದ ನಾನು, ಹತ್ತು ವರ್ಷ ಪಕ್ಕದಲ್ಲಿದ್ದವರ ಹೊಸ ವಿಳಾಸವನ್ನು ಒಂದು ಮಾತು ವಿಚಾರಿಸಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಭಾನುವಾರಕ್ಕೆ ಬರುತ್ತೇನೆ. ಧೈರ್ಯ ಮಾಡಿ ಒಳಗೆ ಹೋಗಿ ಮಗಳ ಪಕ್ಕ ಕೂತೆ. "ಆ ರಿಮೋಟು ನಂಗ ಕೊಡವ್ವ, ನಾ ಆಡ್ತೀನಿ" ಎಂದೆ.

"ಬ್ಯಾಡ್ರಿ ಅಪ್ಪಾ" ಎಂದಳು, ತಲೆ ಎತ್ತದೆ. "ಅದು ಆಸ್ಮಾಂದು."

"ಯಾರು ಗೆದ್ರು?" ಎಂದೆ.

"ದಿನಾ ಆಕಿನೇ ಗೆಲ್ತಾಳ್ರಿ."

ಡಬ್ಬಿಯ ಮೇಲೆ ಆರು ತಿಂಗಳ ವಾರಂಟಿ ಅಂತ ಬರೆದಿದೆ. ಹೇಳಿ, ಇದನ್ನು ಯಾವ ಅಂಗಡಿಗೆ ಒಯ್ಯಲಿ?