ವಯಲ್‌ಗೆ ಇಟ್ಟ ಕುಂಕುಮ

ಸರಸ್ವತಿ ಪೂಜೆಯ ಮಾರನೆಯ ಬೆಳಿಗ್ಗೆ ಮಗಳು ಕಿರುಚಿದ್ದು ಕೇಳಿ, ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಮನೆಯ ಮೆಟ್ಟಿಲನ್ನು ಹೇಗೆ ಇಳಿದೆನೋ ನನಗೆ ನೆನಪಿಲ್ಲ. ದೇವರ ಮುಂದೆ ಮಲಗಿಸಿದ್ದ ಬೇಸ್ ವಯಲ್‌ನ ಬುಡವನ್ನು ಅವಳು ತೋರಿಸುತ್ತಿದ್ದಳು. ನನ್ನ ಅತ್ತೆ ಅಲ್ಲಿಗೆ ಗಂಧ ತೇಯ್ದು ಹಚ್ಚಿ, ಮೇಲೆ ಕುಂಕುಮ ಇಟ್ಟಿದ್ದರು. ಒರೆಸಿದ ಮೇಲೂ ಮರದಲ್ಲಿ ದುಂಡಗೆ ಒಂದು ಕೆಂಪು ಗೆರೆ ಉಳಿದಿತ್ತು. ಬಿರುಕು ಬಿಟ್ಟಿದೆ ಎಂದೇ ಅಂದುಕೊಂಡೆವು.

ದೊಡ್ಡ ಪಿಟೀಲಿನಂಥ ಚೆಲ್ಲೋದ ಹಾಗೆ ಕಾಣುವ, ಕಾಲುಗಳ ನಡುವೆ ಹಿಡಿದು ಬಿಲ್ಲಿನಿಂದ ನುಡಿಸುವ ಆರು ತಂತಿಯ ವಾದ್ಯ ಅದು. ಶತಮಾನಗಳಷ್ಟು ಹಳೆಯದು. ಯಾರಿಗೂ ಮುಟ್ಟಲು ಬಿಡದ ತಮ್ಮ ಈ ವಾದ್ಯವನ್ನು, ವಯಲ್ ಕಲಿಸುವ ಟೀಚರ್ ನನ್ನ ಮಗಳನ್ನು ನಂಬಿ ಮನೆಗೆ ಕೊಟ್ಟಿದ್ದರು. ನೀರು ಸೋಕಬಾರದು ಎಂಬುದೊಂದೇ ಷರತ್ತು.

“ವಾದ್ಯ ಅಂದ್ಮೇಲೆ ಪೂಜೆಗೆ ಇಡದೇ ಇರಕ್ಕಾಗತ್ತಾ? ನನ್ನ ವೀಣೆಗೆ ವರ್ಷಾ ವರ್ಷಾ ಇಡ್ತಿರ್ಲಿಲ್ವಾ?” ಅಂದರು ಅತ್ತೆ. ನನಗೆ ಮೈಯೆಲ್ಲ ಉರಿಯಿತು. ಆದರೆ ಅವರು ಸೆರಗಿನಿಂದ ಆ ಗೆರೆಯನ್ನು ಮತ್ತೆ ಮತ್ತೆ ಒರೆಸುತ್ತಿದ್ದುದನ್ನು ಕಂಡು, ವಯಲ್‌ನ ಪೆಟ್ಟಿಗೆ ತರಲು ಹೋದೆ.

“ಅಮ್ಮಾ, ಶೀ ಟ್ರಸ್ಟೆಡ್ ಮಿ. ಶೀ ವಿಲ್ ಟೇಕ್ ಇಟ್ ಬ್ಯಾಕ್,” ಎಂದು ಮಗಳು ಅಳತೊಡಗಿದಳು.

ಮಾರಿಸ್‌ಟೌನ್‌ನ ಹತ್ತಿರ ಹಳೆಯ ವಾದ್ಯಗಳನ್ನು ರಿಪೇರಿ ಮಾಡುವವರೊಬ್ಬರು ಇದ್ದರು. ಮೂವರೂ ಹೊರಟೆವು. ದಾರಿಯ ಒಂದೊಂದು ಗುಂಡಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ ವಯಲ್‌ನ ಪೆಟ್ಟಿಗೆಯನ್ನು ತಬ್ಬಿ ಕೂತಿದ್ದರು.

ರಿಪೇರಿಯಾತ ವಯಲ್‌ನ ಒಳಗೆ ಪುಟ್ಟ ದೀಪ, ಕನ್ನಡಿ ಇಳಿಸಿ ಬಹಳ ಹೊತ್ತು ನೋಡಿದ. ಬಿರುಕಲ್ಲ ಎಂದ. ವಯಲ್ ಕೇಳುವವರಿಲ್ಲದ ಕಾಲದಲ್ಲಿ ಯಾರೋ ಇದರ ಕತ್ತು ಕೊಯ್ದು ಬೇರೆ ಕತ್ತು ಕೂಡಿಸಿ, ನಾಲ್ಕು ತಂತಿಯ ಚೆಲ್ಲೋ ಮಾಡಿದ್ದರಂತೆ. ನೆಲಕ್ಕೆ ಊರುವ ಕಡ್ಡಿಗಾಗಿ ಬುಡದಲ್ಲಿ ತೂತು ಕೊರೆದಿದ್ದರಂತೆ. ಎಷ್ಟೋ ಕಾಲದ ನಂತರ ಇನ್ಯಾರೋ ಆ ಕತ್ತನ್ನೂ ತೆಗೆದು, ಮತ್ತೆ ಆರು ತಂತಿ ಕಟ್ಟಿ, ತೂತಿಗೆ ಮರದ ಬಿಲ್ಲೆ ಬಡಿದು, ಮೇಲೆ ವಾರ್ನಿಶ್ ಬಳಿದಿದ್ದರು. ಆ ಬಿಲ್ಲೆಯ ಸುತ್ತಲಿನ ಸಂದಿಗೆ ನಮ್ಮ ಕುಂಕುಮ ಇಳಿದಿತ್ತು.

ಕೇಳುತ್ತ ಕೇಳುತ್ತ ನನ್ನ ಭಯ ಹೆಚ್ಚೇ ಆಯಿತು. ಇಷ್ಟೆಲ್ಲ ಕೈಗಳನ್ನು ದಾಟಿ ಉಳಿದು ಬಂದದ್ದು ನಮ್ಮ ಮನೆಯಲ್ಲಿ ಕೆಟ್ಟಿತಲ್ಲ! ಕೆಂಪು ಹೋಗಬೇಕಾದರೆ ಬಿಲ್ಲೆಯನ್ನೇ ಕೀಳಬೇಕು, ಒಡತಿಯನ್ನು ಕೇಳದೆ ಕೈ ಹಾಕುವುದಿಲ್ಲ ಎಂದ ಆತ, ಟೀಚರ್‌ಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದ.

ಎಲ್ಲ ಕೇಳಿ ಆಕೆ, “ಇದನ್ನು ಮಾಡಿದ್ದು ಯಾರು?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

“ನಾನೇ ಅಂತ ಹೇಳು,” ಎಂದು ಅತ್ತೆ ಮೊಮ್ಮಗಳ ಭುಜ ತಟ್ಟಿದರು.

ಮಗಳು ಇಂಗ್ಲಿಷಿನಲ್ಲಿ ತಡವರಿಸುತ್ತ ಹೇಳಿದಳು: ಅಜ್ಜಿ, ಪೂಜೆ, ವರ್ಷಕ್ಕೊಮ್ಮೆ ವಾದ್ಯಕ್ಕೆ ನಮಸ್ಕಾರ. ಹೇಳಿ ಮುಗಿಯುವ ಹೊತ್ತಿಗೆ ಮಗಳು ನನ್ನ ಕೈಯನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

“ಅದರ ಕತ್ತು ಕೊಯ್ದವರು ಯಾರೂ ಅದಕ್ಕೆ ನಮಸ್ಕಾರ ಮಾಡಿರಲಿಕ್ಕಿಲ್ಲ,” ಎಂದರು ಟೀಚರ್. “ಕೆಂಪು ಹಾಗೇ ಇರಲಿ. ಪಾಠ ತಪ್ಪಿಸಬೇಡ.”

“ಏನಂದ್ರು?” ಎಂದು ಅತ್ತೆ ನನ್ನ ಮುಖವನ್ನೇ ನೋಡಿದರು. “ಕುಂಕುಮ ಹಾಗೇ ಇರಲಿ ಅಂದ್ರು,” ಎಂದು ನಾನು ವಯಲ್‌ನ ಪೆಟ್ಟಿಗೆಯನ್ನು ಮತ್ತೆ ಅವರ ಕೈಗೇ ಕೊಟ್ಟೆ.